ಅರವತ್ತು ದಾಟಿದ ಮೇಲೆ

ಸೀಟು ಮತ್ತೆ ಮುಂದಕ್ಕೆ ಸರಿದಿತ್ತು.

ಓಣಿಯ ತುದಿಗೆ ನಿಲ್ಲಿಸಿದ್ದ ಕಾರಿನ ಬಾಗಿಲು ಹಿಡಿದು ತ್ರಿಶಲಾ ಒಳಗೆ ಬಗ್ಗಿ ನೋಡಿದಳು. ಗಂಡ ಧನಪಾಲ ಆರಡಿ ಆಳು. ಸ್ಟೇರಿಂಗಿಗೆ ಇಷ್ಟು ಹತ್ತಿರ ಕೂತರೆ ಮೊಣಕಾಲು ಗದ್ದಕ್ಕೆ ಬಡಿಯಬೇಕು. ಕನ್ನಡಿಯೂ ಕೆಳಕ್ಕೆ ಬಾಗಿತ್ತು. ಒಳಗೆಲ್ಲ ತೆಳ್ಳಗೆ ಗಂಧದ ವಾಸನೆ. ಧನಪಾಲ ಹಚ್ಚಿಕೊಳ್ಳುವುದು ಕೊಬ್ಬರಿ ಎಣ್ಣೆಯೊಂದೇ.

ಯಾವಳೋ ಗಿಡ್ಡಿ. ಗಂಧ ಪೂಸಿಕೊಳ್ಳುವವಳು. ಭಾನುವಾರ ಭಾನುವಾರ ಅವಳಿಗೆ ಇವನು ಕಾರು ಕಲಿಸುತ್ತಿದ್ದಾನೆ!

ಎಲ್ಲ ಶುರುವಾದದ್ದು ಕಾರಿನ ಸ್ಟೇರಿಂಗಿನ ಮುಂದೆ ಹತ್ತಿದ ಒಂದು ಹಳದಿ ದೀಪದಿಂದ. ಎರಡು ಸಾವಿರದ ಒಂಬತ್ತರ ದೀಪಾವಳಿಗೆ ಧನಪಾಲ ಪುಣೆಯ ಡಾಕ್ಟರೊಬ್ಬರ ಫಾರೆನ್ ಡೀಸೆಲ್ ಕಾರು ಕೊಂಡು ಗೋಕಾಕಕ್ಕೆ ತಂದ. ತಂದನೆಂದರೆ, ಡ್ರೈವರ್ ತಂದ. ಇವನು ಬಾಜೂಕ್ಕೆ ಕೂತು ಬಂದ. ಆಮೇಲೆ ಅದರ ಓಟ ಮನೆಯಿಂದ ಬೆಲ್ಲದ ಅಂಗಡಿಗೆ, ಅಂಗಡಿಯಿಂದ ಮನೆಗೆ. ಕಬ್ಬು ಹೇರಿದ ಚಕ್ಕಡಿಗಳೂ ಅವನನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಒಂದು ದಿನ ದೀಪ ಹತ್ತಿತು. ಕಾರು ದಮ್ಮು ಕಟ್ಟಿದ ಮುದಿ ಎತ್ತಿನಂತೆ ಏದುಸಿರು ಬಿಡತೊಡಗಿತು.

ಮೆಕ್ಯಾನಿಕ್ ಕೇದಾರಿ ಗಾಳಿಯ ಫಿಲ್ಟರ್ ಬದಲಿಸಿದ. ಡೀಸೆಲ್ ಫಿಲ್ಟರ್ ಬದಲಿಸಿದ. ದೀಪ ಆರಲಿಲ್ಲ. ಕೊನೆಗೆ ಕೊಲ್ಲಾಪುರದ ಗ್ಯಾರೇಜಿಗೆ ಫೋನ್ ಹಚ್ಚಿ ಕೇಳಿಕೊಂಡು, ಇವರ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತ.

"ಸಾವ್ಕಾರ್ರ, ಹೊಗಿ ಹೋಗೂ ಕೊಳವ್ಯಾಗ ಇನ್ನೊಂದು ಫಿಲ್ಟರ್ ಐತ್ರಿ. ಮಸಿ ಹಿಡದ ಇಟ್ಕೋತೈತಿ. ಗಾಡಿ ಜೋರ್ ಓಡಿದ್ರ ಅದು ಕಾದು, ಮಸಿ ತಾನ ಸುಟ್ಟು ಹೋಗತೈತಿ. ನೀವು ಕಾಯಾಕ ಎಲ್ಲಿ ಬಿಡ್ತೀರಿ?"

"ಈಗೇನ್ ಮಾಡೂನು?"

"ವಾರಕ್ಕೊಮ್ಮೆ ಹುಕ್ಕೇರಿ ರಸ್ತಾಕ್ಕ ಒಯ್ರಿ. ಅರ್ಧ ತಾಸು ಸ್ಪೀಡ್ ಅರವತ್ತರ ಕೆಳಗ ಇಳಸಬ್ಯಾಡ್ರಿ."

ಧನಪಾಲನ ಮುಖ ಬಿಳುಚಿತು. "ಅರವತ್ತ?"

"ನಿಮ್ಮ ಕೈಲೆ ಆಗಲಿಲ್ಲಂದ್ರ, ಮನ್ಯಾಗ ಅರವತ್ತು ದಾಟೋರು ಯಾರರ ಇದ್ರ ಅವರ ಕೈಯಾಗ ಕೊಡ್ರಿ!"

ಎಲ್ಲರೂ ನಕ್ಕರು. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಸೀತಾಬಾಯಿಯವರೂ ನಕ್ಕರು.

ಮೊದಲ ಭಾನುವಾರವೇ ದೀಪ ಆರಿತು. "ಖರೇನ ಅರವತ್ತು ದಾಟಿತೇನ್ರಿ?" ಎಂದು ತ್ರಿಶಲಾ ಕೇಳಿದರೆ, ಧನಪಾಲ ಗೋಡೆ ನೋಡುತ್ತ, "ಯಾವಾಗ್ಲೋ ದಾಟೈತಿ ತಗೋ" ಎಂದ. ಇಪ್ಪತ್ತು ದಾಟಿದರೆ ಣಮೋಕಾರ ಮಂತ್ರ ಹೇಳುವ ಗಂಡಸು!

ಯಾರ ಮುಂದೆ ಹೇಳಿಕೊಳ್ಳುವುದು? ಅತ್ತೆಯವರು ಭಾನುವಾರ ಹೊತ್ತು ಹುಟ್ಟುವಾಗ ಬಸದಿಗೆ ಅಭಿಷೇಕಕ್ಕೆ ಹೋದರೆ ಬರುವುದು ಬಿಸಿಲೇರಿದ ಮೇಲೆ. ಮೊನ್ನೆ ಶಿಖರ್ಜಿ ಯಾತ್ರೆಗೆ ಬೇಕೆಂದು ಮಗನ ಜೊತೆ ಹೋಗಿ ಫೋಟೊ ತೆಗೆಸಿ, ಕಣ್ಣು ತಪಾಸಣೆ ಮಾಡಿಸಿಕೊಂಡು ಕುಣಿಯುತ್ತ ಬಂದಿದ್ದರು. ಆ ಜೀವವನ್ನು ನೋಯಿಸುವುದೆಂತು? ಹಿತ್ತಲಲ್ಲಿ ತುಕ್ಕು ಹಿಡಿದು ನಿಂತ ಮಾವನ ಜೀಪಿನ ಮೇಲೆ ಸಂಡಿಗೆ ಒಣಹಾಕುತ್ತ, ಮೊಮ್ಮಗಳು ಶ್ರದ್ಧಾಳಿಗೆ ಕಥೆ ಹೇಳುವುದೇ ಅವರ ಲೋಕ. ಪಾಪ, ಮಾವನಿಗೆ ಗೇರು ಹಾಕಲೇ ಬರುತ್ತಿರಲಿಲ್ಲವಂತೆ. ಆದರೂ ಜೀಪು ದಿನಾ ತೋಟಕ್ಕೆ ಹೋಗಿ ಬರುತ್ತಿತ್ತಂತೆ.

"...ರಾಜಕುಮಾರಿ ಗಾಳಿಕುದುರಿ ಹತ್ತಿ ಲಗಾಮು ಹಿಡಿದಳು. ರಾಜಕುಮಾರ ಕಣ್ಣು ಮುಚ್ಚಿ ಹಿಂದ ಕೂತ."

"ಹೆಣ್ಣಮಕ್ಕಳು ಮುಂದ ಕೂಡ್ತಾರೇನ, ಆಯಿ?"

"ಕುದುರಿಗೇನ್ ಗೊತ್ತವಾ, ಮ್ಯಾಲ ಯಾರು ಕೂತಾರಂತ!"

ಮನೆ ಮುರಿಯುತ್ತಿದೆ, ಇವರಿಗೆ ಕುದುರೆಯ ಕಥೆ. ತ್ರಿಶಲಾಳಿಗೆ ಅಳು ಬಂತು.

ಅನುಮಾನ ಒಬ್ಬಳ ಮೇಲಿತ್ತು. ಮೂಡಲಗಿಯಿಂದ ಬಂದು ಇದೇ ಓಣಿಯಲ್ಲಿ ಬಾಡಿಗೆಗಿದ್ದ ಬ್ಯಾಂಕಿನ ಸುಮನ. ಗಿಡ್ಡಿ. "ಅಣ್ಣಾರ, ನನಗೂ ಕಾರ್ ಕಲಸ್ರಿ" ಎಂದು ಒಮ್ಮೆ ಕೇಳಿಯೂ ಇದ್ದಳು. ಮುಂದಿನ ಭಾನುವಾರ ಕಾರು ಹೊರಟದ್ದೇ ತಡ, ತ್ರಿಶಲಾ ಕೌಜಲಗಿಯ ತವರಿಗೆಂದು ಕಟ್ಟಿಟ್ಟಿದ್ದ ಬ್ಯಾಗು ಹಿಡಿದಳು. ಸುಮನ ಮನೆಯಲ್ಲಿಲ್ಲವೆಂದು ಕಣ್ಣಾರೆ ನೋಡಿಯೇ ಹೋಗುವುದೆಂದು ಅವಳ ಬಾಗಿಲು ಬಡಿದಳು.

ಬಾಗಿಲು ತೆರೆಯಿತು. ತಲೆಗೆ ಟವೆಲ್ ಸುತ್ತಿಕೊಂಡ ಸುಮನ ನಿಂತಿದ್ದಳು.

"ಬರ್ರಿ ಅಕ್ಕಾರ! ಏನಿಷ್ಟ ಲಗೂನ? ಬ್ಯಾಗ್ ಯಾಕ?"

ತ್ರಿಶಲಾ ಹೊಸ್ತಿಲ ಮೇಲೆಯೇ ಕುಸಿದು ಎಲ್ಲ ಹೇಳಿದಳು. ಕೇಳಿದ ಸುಮನಳಿಗೆ ನಗು ತಡೆಯಲಾಗಲಿಲ್ಲ.

"ನಿಮ್ಮ ಮನಿಯವರು ನನಗ ಕಲಸೂದಾ? ಮೊದಲ ಅವರು ಕಲೀಲಿ ತಗೀರಿ!" ಎನ್ನುತ್ತ ಸ್ಕೂಟಿಯ ಚಾವಿ ತಂದಳು. "ಹತ್ರಿ ಹಿಂದ. ಆ ಗಿಡ್ಡಿ ಯಾರು ನೋಡೇ ಬಿಡೂನು."

ಘಟಪ್ರಭೆ ದಾಟಿ, ಬೆಲ್ಲದ ಬಾಗೇವಾಡಿಯ ಹೊರಗಿನ ಚಹಾದಂಗಡಿಯ ಬಳಿ ಇಬ್ಬರೂ ಕಾದರು. ಬಂತು ಕಾರು, ಹುಕ್ಕೇರಿ ಕಡೆಯಿಂದ, ಬಸ್ಸೊಂದನ್ನು ಹಿಂದೆ ಹಾಕಿ, ಗಾಳಿಯಂತೆ. ಹೊಗೆಯಿಲ್ಲ, ಏದುಸಿರಿಲ್ಲ. ತ್ರಿಶಲಾ ರಸ್ತೆಯ ಬದಿಗೆ ಓಡಿ ಬ್ಯಾಗು ಬೀಸಿದಳು. ಕಾರು ಹದವಾಗಿ ನಿಂತಿತು. ಎಡಗಡೆಯ ಬಾಗಿಲಿನಿಂದ ಧನಪಾಲ ಇಳಿದ. ಮುಖ ಸುಣ್ಣ.

"ನನಗ ಗೊತ್ತಿತ್ತು! ಇಳಸ್ರಿ ಆಕಿನ್ನ!"

"ಸಾವಕಾಶ ಮಾತಾಡ, ತ್ರಿಶಲಾ... ಹೇಳೂದಿತ್ತು. ನನಗ ನಾಚಿಕಿ ಆತು."

"ನಾಚಿಕಿ ಈಗ ಬಂತೇನ್ರಿ? ಯಾರು ಆಕಿ?"

ಬಲಗಡೆಯ ಬಾಗಿಲು ತೆರೆಯಿತು. ಸೀಟಿನ ಮೇಲೆ ಮಡಚಿ ಹಾಕಿದ್ದ ಕೌದಿಯಿಂದ ಜಾರಿ, ಹಣೆಯ ತುಂಬ ಬಸದಿಯ ಗಂಧ ಹಚ್ಚಿಕೊಂಡಿದ್ದ ಅತ್ತೆ ಸೀತಾಬಾಯಿ ಕೆಳಗಿಳಿದು ಸೆರಗು ಕೊಡವಿಕೊಂಡರು.

"ಅರವತ್ತು ದಾಟೋರ ಕೈಯಾಗ ಕೊಡ್ರಿ ಅಂದನಲ್ಲವಾ ಕೇದಾರಿ, ಮನ್ಯಾಗ ದಾಟಿದಾಕಿ ನಾ ಒಬ್ಬಾಕಿ ಅಲ್ಲೇನ?"