ಗಂಡನ ಹೆಸರು

“ನಿನ್ನ ಗಂಡನ ಹೆಸರೇನವ್ವ?” ಎಂದು ಗುಡಿಸಲಿನ ಒಡತಿ ಉರುಕುಂದಮ್ಮ ಕೇಳಿದಾಗ ರಾಮಲಕ್ಷ್ಮಿ ಥಟ್ಟನೆ “ಮಾರೆಣ್ಣ” ಎಂದುಬಿಟ್ಟಳು.

ಮುದುಕಿಯ ಕೈಯಲ್ಲಿದ್ದ ಕಸಬರಿಗೆ ನಿಂತಿತು. ಗಂಡನ ಹೆಸರನ್ನು ಹೀಗೆ ಅಳುಕಿಲ್ಲದೆ ಹೇಳುವ ಹೆಂಡತಿ ಈ ಸೀಮೆಯಲ್ಲೇ ಇಲ್ಲವೆಂಬುದು ರಾಮಲಕ್ಷ್ಮಿಗೆ ಆಗ ನೆನಪಾಯಿತು. ರಜೆಗೆ ಬಂದ ಗಂಡಹೆಂಡಿರೆಂದು ಸುಳ್ಳು ಹೇಳಿ ಮಾಧವರಂ ಹೊಳೆದಂಡೆಯ ಈ ಗುಡಿಸಲನ್ನು ಬಾಡಿಗೆಗೆ ಹಿಡಿದು ಎರಡೇ ದಿನವಾಗಿತ್ತು. ಮಾರೆಣ್ಣನ ಜೊತೆ ಮನೆ ಬಿಟ್ಟು ಓಡಿಬಂದ ಅವಳನ್ನು ಹುಡುಕಿಕೊಂಡು ಅಣ್ಣಂದಿರು ಆದೋನಿಯಿಂದ ಹೊರಟಿದ್ದರು. ಮುದುಕಿ ಹೊರಗೆ ಹಾಕಿದರೆ ಹೋಗಲು ಬೇರೆ ಜಾಗವಿರಲಿಲ್ಲ. ನೀರಿಗೆ ಹೋದ ಮಾರೆಣ್ಣ ಇನ್ನೂ ಬಂದಿರಲಿಲ್ಲ.

ಉರುಕುಂದಮ್ಮ ಬಾಗಿಲಾಚೆ ಒಮ್ಮೆ ನೋಡಿ, ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದಳು: “ಹುಚ್ಚು ಹುಡುಗಿ, ನನ್ನ ಮುಂದ ಅಂದಿ, ಆತು. ಊರಾಗ ಯಾರಾರ ಕೇಳಿದ್ರ ನಾಚಿಕೊಂಡು ತಲಿ ಬಗ್ಗಿಸು. ಹೆಸರು ನಾ ಹೇಳ್ತೀನಿ.”