ಹೂತಿಟ್ಟ ಕಾವು

ಮಣ್ಣಿನ ದಿಬ್ಬದ ಬಿರುಕಿನಿಂದ ಬುಸ್ಸೆಂದು ಹಬೆ ಹೊರಟಿತು. ಒಳಗೆ ಕಾದ ಕಲ್ಲುಗಳ ನಡುವೆ ಕುರಿಮಾಂಸ, ಆಲೂಗಡ್ಡೆ ಬೇಯುತ್ತಿದ್ದವು. ಬೆಂಕಿ ಆಗಲೇ ತೆಗೆದಾಗಿತ್ತು. ಹೂತಿಟ್ಟ ಕಾವೇ ಗತಿ. ಆಂಡಿಸ್ ಬೆಟ್ಟದ ಎಲೆಯುತೇರಿಯೊನ ಮನೆಯಲ್ಲಿ ಪಚಮಾಂಕ ಎಂಬ ಈ ನೆಲದೊಲೆಯ ಅಡುಗೆ ಬೇಯಿಸಲಾರದವನಿಗೆ ಹೆಣ್ಣು ಕೊಡುವ ಮಾತೇ ಇರಲಿಲ್ಲ.

"ಏಯ್ ಕಡಲತೀರದವನೇ, ನಿನ್ನ ಒಲೆ ಸೋರ್ತಾ ಇದೆಯಲ್ಲೋ!" ಹುಡುಗಿಯ ಅಪ್ಪ ಎಲೆಯುತೇರಿಯೊ ಗಹಗಹಿಸಿದ. "ಬೆಂದಿದ್ಯೋ ಇಲ್ವೋ, ತೆಗೆದು ನೋಡ್ಬಿಡು!"

ಹೆಣ್ಣು ಕೇಳಲು ಬಂದಿದ್ದ ರೋಲಾಂಡೊ ಸಲಿಕೆ ಎತ್ತಿದ. ತಟ್ಟನೆ ಹೊಳೆಯಿತು: ತೆರೆದರೆ ಕಾವೆಲ್ಲ ಗಾಳಿಪಾಲು! ಸಲಿಕೆ ಬಿಸಾಕಿ, ತನ್ನ ಹೊಸ ಟೋಪಿಯನ್ನೇ ಕಿತ್ತು ಬಿರುಕಿಗೆ ತುರುಕಿ, ಮೇಲೆ ಹಸಿಮಣ್ಣು ಬಡಿದ. ಬುಸುಗುಟ್ಟುವುದು ನಿಂತಿತು.

ಹೊತ್ತಾದ ಮೇಲೆ ದಿಬ್ಬ ಬಿಚ್ಚಿದರೆ ಮಾಂಸ ಎಲುಬಿನಿಂದ ತಾನಾಗಿ ಕಳಚಿಬಂತು. ಎಲೆಯುತೇರಿಯೊ ಒಂದು ತುತ್ತು ನುಂಗಿದ. ತನ್ನ ಟೋಪಿ ತೆಗೆದು ರೋಲಾಂಡೊನ ಬರಿ ತಲೆಗೆ ಒತ್ತಿದ.

"ಬಿಸಿಲು ಜೋರಿದೆ, ಅಳಿಯಂದ್ರೇ."