ಒಂದು ದಾರ ಮುಗಿಯುವವರೆಗೆ

"ಸಮಯ ವ್ಯರ್ಥ ಮಾಡಬೇಡಿ" ಎಂಬ ವಿಡಿಯೋಗಳನ್ನು ನೋಡುತ್ತಲೇ ಇಡೀ ಸಂಜೆ ಕಳೆದವರು ಯಾರಾದರೂ ಇದ್ದೀರಾ...?

ನಾಚಿಕೊಳ್ಳಬೇಡಿ, ನಾನೂ ನಿಮ್ಮ ಸಾಲಿನಲ್ಲೇ ಇದ್ದೇನೆ. ಇದು ನಮ್ಮಂಥವರಿಗಾಗಿ...

ಮಹಾನಂದಾ ಹುಬ್ಬಳ್ಳಿಯ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಮಾಡುತ್ತಾಳೆ.

ದಿನವಿಡೀ ನಿಂತೇ ಇರಬೇಕು. ಸೀರೆ ಬಿಚ್ಚಿ ತೋರಿಸಬೇಕು... "ಬ್ಯಾರೆ ಕಲರ್ ಇಲ್ಲೇನ್ರಿ?" ಎಂದರೆ ನಗುನಗುತ್ತಾ ಇನ್ನೊಂದು ಬಿಚ್ಚಬೇಕು. ಕೊನೆಗೆ ಅವರು ಏನೂ ಕೊಳ್ಳದೆ ಹೋದರೆ ಎಲ್ಲವನ್ನೂ ಮಡಿಚಿಡಬೇಕು.

ಸಂಜೆ ಮನೆಗೆ ಬರುವಷ್ಟರಲ್ಲಿ ಪಾದಗಳು ಬಾತಿರುತ್ತಿದ್ದವು. ಅಡುಗೆ ಮುಗಿಸಿ, ಗೋಡೆಗೆ ಒರಗಿ ಫೋನ್ ಹಿಡಿದರೆ ಮುಗಿಯಿತು... ನಿದ್ದೆ ಬರುವವರೆಗೂ ರೀಲ್ಸ್.

"ಫೋನ್ ಹಂಚಿನಂಗ ಕಾದೈತಿ... ಅದರ ಮ್ಯಾಲೆ ಎರಡು ರೊಟ್ಟಿ ಹಾಕು" ಎಂದು ಗಂಡ ಚೇಷ್ಟೆ ಮಾಡುತ್ತಿದ್ದ.

ಅವಳೂ ನಗುತ್ತಿದ್ದಳು. ಆದರೆ ಒಳಗೆ ಒಂದು ಸಂಕಟ ಇದ್ದೇ ಇತ್ತು...

ಮಗಳು ಸಹನಾ ಗದಗಿನಲ್ಲಿ, ಗಂಡನ ಮನೆಯಲ್ಲಿ ಇದ್ದಳು. ಅವಳು ಬಸುರಿ.

ಹುಟ್ಟುವ ಕೂಸಿಗೆ ತವರಿನಿಂದ ಕೌದಿ ಹೋಗಬೇಕು. ಹಳೆಯ ಮೆತ್ತನೆ ಸೀರೆಗಳನ್ನು ಪದರ ಪದರವಾಗಿ ಇಟ್ಟು ಅಜ್ಜಿಯಾದವಳು ಕೈಯಾರೆ ಹೊಲಿಯುವ ಹಾಸಿಗೆ ಅದು. ಅಂಗಡಿಯಲ್ಲಿ ಸಿಗುವ ಬೇಬಿ ಬೆಡ್ಡಿಗೆ ಅಜ್ಜಿಯ ಸೀರೆಯ ಆ ವಾಸನೆ ಎಲ್ಲಿಂದ ಬರಬೇಕು?

ಮಹಾನಂದಾ ಮಾತ್ರ ದಿನವೂ "ನಾಳೆ" ಎನ್ನುತ್ತಿದ್ದಳು.

ಒಂದು ಸಂಜೆ ಪಕ್ಕದ ಮನೆಯ ಕಾಶವ್ವ ಬಂದಳು. ಇಡೀ ಓಣಿಗೆ ಕೌದಿ ಹೊಲಿದುಕೊಟ್ಟ ಮುದುಕಿ.

"ಎಲ್ಲೀತನಕ ಬಂತವ್ವ ಕೌದಿ?"

"ಆಯಿ, ನಿಂತು ನಿಂತು ಜೀವ ಹಣ್ಣಾಗಿರ್ತೈತಿ... ಸಂಜಿಗೆ ಸೂಜಿ ಹಿಡಿಯೂ ಮನಸ ಬರವಲ್ದು. ನಾನು ಭಾಳ ಸೋಮಾರಿ ಆಗೇನಿ."

"ಇರ್ಲಿ, ಬಟ್ಟಿ ಯಾವ ಇಟ್ಟೀ, ತೋರ್ಸು."

ಮಹಾನಂದಾ ಟ್ರಂಕ್ ತೆಗೆದಳು. ಆದರೆ ಕೈ ಅಲ್ಲೇ ನಿಂತುಬಿಟ್ಟಿತು...

ಹಳೆಯ ಸೀರೆಗಳ ಕೆಳಗೆ ಒಂದು ಪುಟ್ಟ ಕೌದಿ ಇತ್ತು. ಅರ್ಧಕ್ಕೇ ನಿಂತದ್ದು. ಬಟ್ಟೆಯಲ್ಲಿ ಚುಚ್ಚಿಟ್ಟಿದ್ದ ಸೂಜಿ ತುಕ್ಕು ಹಿಡಿದಿತ್ತು.

ಸಹನಾ ಮೊದಲ ಸಲ ಬಸುರಿಯಾದಾಗ ಶುರು ಮಾಡಿದ ಕೌದಿ ಅದು. ಐದನೇ ತಿಂಗಳಲ್ಲಿ ಆ ಕೂಸು ಉಳಿಯಲಿಲ್ಲ... ಅವತ್ತು ಮುಚ್ಚಿದ ಟ್ರಂಕು ಇದು.

ಕಾಶವ್ವ ಆ ಸೂಜಿಯನ್ನು ನೋಡಿದಳು. ಮಹಾನಂದಾಳ ಮುಖ ನೋಡಿದಳು.

"ಇದು ಸೋಮಾರಿತನ ಅಲ್ಲವ್ವ... ಅಂಜಿಕಿ."

ಮಹಾನಂದಾಳ ಕಣ್ಣಿಂದ ನೀರು ಇಳಿಯಿತು. "ಹೌದ ಆಯಿ... ಮತ್ತ ಸೂಜಿ ಹಿಡದ್ರ ಮತ್ತ ಹಂಗ ಆಗತೈತೋ ಏನೋ ಅಂತ... ಇದು ಅಪಶಕುನ, ಸುಟ್ಟು ಬಿಡು ಅಂದ್ರು ಎಲ್ಲಾರೂ. ನನ್ನ ಕೈಲೆ ಆಗ್ಲಿಲ್ಲ."

"ಬಟ್ಟಿ ಏನ್ ತಪ್ಪು ಮಾಡೈತಿ? ಪ್ರೀತಿಲೆ ಹೊಲದಿದ್ದು ಅಪಶಕುನ ಹೆಂಗ ಆಗತೈತಿ?"

ಮುದುಕಿ ತುಕ್ಕು ಹಿಡಿದ ಸೂಜಿಯನ್ನು ಮೆಲ್ಲಗೆ ಎಳೆದು ತೆಗೆದಳು. ಉಂಡೆಯಿಂದ ಒಂದು ಮೊಳ ದಾರ ಹರಿದು ಕೊಟ್ಟಳು.

"ಪೂರಾ ಕೌದಿ ಹೊಲೀಬ್ಯಾಡ. ಇದೊಂದು ದಾರ ಮುಗಿಯೂತನಕ ಹೊಲಿ. ಆಮ್ಯಾಲೆ ಬೇಕಾದ್ರ ಫೋನ್ ನೋಡು, ಬೇಕಾದ್ರ ಮಲ್ಕೊ. ನಾಳಿಂದು ನಾಳೆ."

ಅವತ್ತು ಸಂಜೆ ಮಹಾನಂದಾ ಹೊಸ ಸೂಜಿ ತಂದು, ಆ ಅರ್ಧ ಕೌದಿಯ ಮೇಲೆಯೇ ಒಂದೇ ಒಂದು ದಾರ ಹೊಲಿದಳು.

ಮರುದಿನ ಇನ್ನೊಂದು.

ಕೆಲವು ಸಂಜೆ ಬೇಳೆ ಬೇಯುವಷ್ಟರಲ್ಲಿ ದಾರ ಮುಗಿಯುತ್ತಿತ್ತು. ಕೆಲವು ಸಂಜೆ ತೂಕಡಿಸುತ್ತಾ ಹೊಲಿದು ಸಾಲು ಎತ್ತಲೋ ಹೋಗುತ್ತಿತ್ತು. ಕೆಲವು ದಿನ ಸೂಜಿಯನ್ನೇ ಮುಟ್ಟಲಿಲ್ಲ, ನಿಜ ಹೇಳಬೇಕಲ್ಲ. ಹನಿ ಹನಿಗೂಡಿದರೆ ಹಳ್ಳ ಎನ್ನುವುದು ಸುಲಭ, ದಿನವಿಡೀ ನಿಂತು ದುಡಿದವರಿಗೆ ಆ ಹನಿಯೂ ದೊಡ್ಡದೇ.

ಹೀಗಿರುವಾಗ ಗದಗಿನಿಂದ ಫೋನ್ ಬಂತು. ತಿಂಗಳು ತುಂಬುವ ಮೊದಲೇ ನೋವು ಶುರುವಾಗಿತ್ತು...

ಮಹಾನಂದಾ ಉಟ್ಟ ಸೀರೆಯಲ್ಲೇ ಹೊರಟಳು. ಕೌದಿ ಇನ್ನೂ ಮುಗಿದಿರಲಿಲ್ಲ. ಆದರೂ ಅದನ್ನು ಚೀಲಕ್ಕೆ ಹಾಕಿಕೊಂಡಳು. ಬಸ್ಸಿನಲ್ಲಿ ಆ ಚೀಲವನ್ನು ಎದೆಗೆ ಒತ್ತಿ ಹಿಡಿದೇ ಕೂತಿದ್ದಳು.

ಹೆಣ್ಣುಕೂಸು. ಬಹಳ ಸಣ್ಣದು. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು... ಆಮೇಲೆ ಒಂದು ದಿನ ನರ್ಸ್ ಅದನ್ನು ತಂದು ಸಹನಾಳ ಮಡಿಲಿಗೆ ಹಾಕಿದಳು.

"ಅವ್ವಾ, ಕೌದಿ ತಂದೀಯೇನು?"

"ತಂದೀನಿ... ಆದ್ರ ಪೂರಾ ಆಗಿಲ್ಲವ್ವ. ಹೊಲಿಗಿನೂ ಸೊಟ್ಟ ಅದಾವ" ಎಂದು ಮಹಾನಂದಾ ತಲೆ ತಗ್ಗಿಸಿದಳು.

ಸಹನಾ ಕೌದಿಯನ್ನು ಹಾಸಿಗೆಯ ಮೇಲೆ ಹರಡಿದಳು. ಸೊಟ್ಟ ಸಾಲುಗಳ ಮೇಲೆ ಬೆರಳಾಡಿಸುತ್ತಾ ಹೋದಳು... ಒಂದು ಹಳದಿ ತುಂಡಿನ ಮೇಲೆ ಬೆರಳು ನಿಂತಿತು.

ಅದು ಅವಳದೇ ಹಳೆಯ ದುಪಟ್ಟಾ. ಮೊದಲ ಕೂಸಿಗೆಂದು ಅವಳೇ ಆರಿಸಿ ಕೊಟ್ಟಿದ್ದು.

"ಅವ್ವಾ... ಇದು ಆ ಕೂಸಿಂದಲ್ಲೇನು?"

ಮಹಾನಂದಾ ಅಳುಕಿದಳು. ಮಗಳಿಗೆ ಸಿಟ್ಟು ಬಂದರೆ...? "ಹೌದವ್ವ" ಎಂದಳು ಸಣ್ಣ ದನಿಯಲ್ಲಿ.

ಸಹನಾ ಕೌದಿಯನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಒಬ್ರೂ ಅದರ ಮಾತು ಎತ್ತಲಿಲ್ಲ ಅವ್ವಾ... ಎಲ್ಲಾರೂ ಮರತಾರ ಅನ್ಕೊಂಡಿದ್ದೆ. ನೀ ಮರತಿಲ್ಲ..."

ತಾಯಿ, ಮಗಳು ಇಬ್ಬರೂ ಬಹಳ ಹೊತ್ತು ಅತ್ತರು. ಆಮೇಲೆ ಕೂಸನ್ನು ಆ ಕೌದಿಯ ಮೇಲೆ ಮಲಗಿಸಿದರು. ಅದು ಒಂದು ಸಲ ಮೈಮುರಿದು ನಿದ್ದೆಹೋಯಿತು.

ಮಹಾನಂದಾ ಕಣ್ಣೊರೆಸಿಕೊಂಡು ಹೇಳಿದಳು, "ಈ ಕಡೆ ಅಂಚು ಇನ್ನೂ ಬಾಕಿ ಐತಿ ನೋಡವ್ವ..."

"ಇರ್ಲಿ ಬಿಡವ್ವಾ... ಸಂಜಿ ಇನ್ನೂ ಭಾಳ ಅದಾವ. ನನಗೂ ಒಂದು ಸೂಜಿ ಕೊಡು."

ದಣಿದ ಸಂಜೆಗೆ ಒಂದು ದಾರದಷ್ಟು ಕೆಲಸ ಸಾಕು, ಉಳಿದದ್ದನ್ನು ನಾಳೆಯ ಸಂಜೆ ನೋಡಿಕೊಳ್ಳುತ್ತದೆ.

"ಟೈಮ್ ಇಲ್ಲ, ಸುಸ್ತು" ಎಂದು ನೀವು ಮುಚ್ಚಿಟ್ಟ ಟ್ರಂಕಿನೊಳಗೆ ಅರ್ಧಕ್ಕೆ ನಿಂತದ್ದು ಏನಿದೆ...? ಇವತ್ತು ಸಂಜೆ ಅದನ್ನೊಮ್ಮೆ ತೆರೆದು ನೋಡುತ್ತೀರಾ?